ಹೊಳೆ ಬರುವ ಮೊದಲೇ ತಲೆ ಎಣಿಸಿ: ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ ನಮಸ್ಕಾರ.

ನಾನು ಚಿಕ್ಕೋಡಿ ಕಡೆಯ ಒಬ್ಬ ನಿವೃತ್ತ ಮಾಸ್ತರ. ನಮ್ಮೂರು ಕೃಷ್ಣೆಯ ದಂಡೆಯಲ್ಲಿದೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಿಂದ ನೀರು ಬಿಟ್ಟರು ಅಂತ ಸುದ್ದಿ ಬಂದರೆ ಸಾಕು, ನಮ್ಮಲ್ಲಿ ಮೊದಲು ಜೋಳದ ಚೀಲ ಮಾಳಿಗೆ ಏರುತ್ತವೆ.

2019ರ ಆಗಸ್ಟ್‌ನಲ್ಲಿ ನಮ್ಮ ಶಾಲೆಯೇ ಗಂಜಿ ಕೇಂದ್ರವಾಗಿತ್ತು. ಈಗ ಅದನ್ನು ಕಾಳಜಿ ಕೇಂದ್ರ ಎನ್ನುತ್ತಾರೆ. ಒಳ್ಳೆಯ ಹೆಸರು. ಆ ವರ್ಷ ರಾಜ್ಯದಲ್ಲಿ ಸುಮಾರು 7 ಲಕ್ಷ ಜನರನ್ನು ಮನೆ ಬಿಡಿಸಿ ಸಾಗಿಸಬೇಕಾಯಿತು. ನಮ್ಮ ಶಾಲೆಗೂ ಅಕ್ಕಿ, ಚಾದರ, ನೀರಿನ ಟ್ಯಾಂಕರ್ ಬಂದವು. ಆದರೆ ಎರಡನೇ ದಿನ ಮಧ್ಯಾಹ್ನಕ್ಕೇ ಅನ್ನ ಸಾಲಲಿಲ್ಲ. ಎಷ್ಟು ಜನಕ್ಕೆ ಅಂತ ಕಳಿಸಿದ್ದಾರೆ ಎಂದು ಚೀಟಿ ತೆಗೆದು ನೋಡಿದೆ. ಆ ಸಂಖ್ಯೆ ನನಗೆ ಗುರುತು ಸಿಕ್ಕಿತು. ಅದು 2011ರ ಜನಗಣತಿಯದು. ನನಗೆ ಗೊತ್ತಾಗದೆ ಇರುತ್ತಾ? ಆ ಗಣತಿಗೆ ನಮ್ಮೂರಿನ ಮನೆ ಮನೆ ತಿರುಗಿದವನು ನಾನೇ.

ಅದು ಎಂಟು ವರ್ಷ ಹಳೆಯ ಲೆಕ್ಕ ಅನ್ನುವುದು ಒಂದು ಮಾತು. ಇನ್ನೊಂದಿದೆ. ನಾವು ಎಣಿಸಿದ್ದು ಫೆಬ್ರವರಿಯಲ್ಲಿ, ಹೊಳೆ ಬಂದಿದ್ದು ಆಗಸ್ಟ್‌ನಲ್ಲಿ. ಫೆಬ್ರವರಿಯಲ್ಲಿ ನಮ್ಮ ಭಾಗದಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡಿರುತ್ತವೆ. ಆಗಸ್ಟ್‌ಗೆ ಅವರು ಇರುವುದಿಲ್ಲ. ಬದಲಿಗೆ ಗೋವಾಕ್ಕೋ ಪುಣೆಗೋ ದುಡಿಯಲು ಹೋದವರು ಕೆಲವರು ಬಿತ್ತನೆಗೆ ಊರಿಗೆ ಬಂದಿರುತ್ತಾರೆ. ಒಂದೇ ಊರು, ಎರಡು ಕಾಲಕ್ಕೆ ಎರಡು ಜನಸಂಖ್ಯೆ. 2020ರಲ್ಲಿ ಭೀಮಾ ಉಕ್ಕಿದ್ದು ಅಕ್ಟೋಬರ್‌ನಲ್ಲಿ, ಆಗಿನ ಲೆಕ್ಕವೇ ಬೇರೆ. ಮುಂದಿನ ಗಣತಿಗೆ ಗೊತ್ತು ಮಾಡಿರುವ ದಿನ 2027ರ ಮಾರ್ಚ್ 1. ಅದೂ ಕಬ್ಬಿನ ಕಾಲವೇ. ಹಾಗಾಗಿ ಹೊಸ ಗಣತಿ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ದಯವಿಟ್ಟು ಕಾಯಬೇಡಿ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಯೋಜನೆಯನ್ನು ಪ್ರತಿ ವರ್ಷ ಹೊಸದು ಮಾಡಬೇಕು. ಹೊಸ ರಟ್ಟು ಹಾಕಿ, ಒಳಗೆ ಹಳೆಯ ಸಂಖ್ಯೆ ಬಿಟ್ಟರೆ ಏನು ಬಂತು?

ಬುಡದ ಸಂಖ್ಯೆ ಸರಿ ಇದ್ದರೆ ಎಷ್ಟೊಂದು ಮೊದಲೇ ಹೇಳಬಹುದು ನೋಡಿ. ಜಗತ್ತಿನ ಪರಿಹಾರ ಸಂಸ್ಥೆಗಳು ಪಾಲಿಸುವ 'ಸ್ಫಿಯರ್' ಮಾನದಂಡದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಮಲಗಲು, ಕೂರಲು 3.5 ಚದರ ಮೀಟರ್ ಜಾಗ ಅಂತ ಇದೆ. ನಮ್ಮ ರಾಜ್ಯದಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಹದಿನಾರು, ಹದಿನೇಳು ಹೆರಿಗೆ ಅಂತ ಹಿಡಿಯಿರಿ. ಹತ್ತು ಸಾವಿರ ಜನ ಸ್ಥಳಾಂತರವಾದರೆ, ಪ್ರವಾಹ ಇರಲಿ ಬಿಡಲಿ, ಆ ತಿಂಗಳು ಹದಿಮೂರೋ ಹದಿನಾಲ್ಕೋ ಮಕ್ಕಳು ಹುಟ್ಟಿಯೇ ಹುಟ್ಟುತ್ತವೆ. ಮಗು ಹೊಳೆ ಇಳಿಯಲಿ ಅಂತ ಕಾಯುತ್ತದಾ? ನಮ್ಮ ಶಾಲೆಯಿಂದ ಒಬ್ಬ ಹೆಣ್ಣುಮಗಳನ್ನು ನಡುರಾತ್ರಿ ಟ್ರ್ಯಾಕ್ಟರ್‌ನಲ್ಲಿ ಕೂರಿಸಿಕೊಂಡು ಹೋದರು. ಆಕೆಗೆ ದಿನ ತುಂಬಿದೆ ಅಂತ ಆಶಾ ಕಾರ್ಯಕರ್ತೆಗೆ ಮೊದಲೇ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಸರ್, ಲೆಕ್ಕ ಇಲ್ಲ ಅಂತಲ್ಲ. ಗರ್ಭಿಣಿಯರ ಲೆಕ್ಕ ತಾಯಿ ಕಾರ್ಡಿನಲ್ಲಿದೆ. ಚಿಕ್ಕ ಮಕ್ಕಳದು ಅಂಗನವಾಡಿಯಲ್ಲಿ. ವೃದ್ಧರು, ಅಂಗವಿಕಲರದು ಪಿಂಚಣಿ ಪಟ್ಟಿಯಲ್ಲಿ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ಕರೆಂಟ್ ಮೀಟರ್ ಹಿಡಿದು ಮನೆ ಮನೆಗೂ ಸ್ಟಿಕ್ಕರ್ ಅಂಟಿಸಿದರು. ಮೀಟರ್ ಇಲ್ಲದ ಗುಡಿಸಲು ಇಂಥ ಕಡೆಯೇ ತಪ್ಪಿಹೋಗುವುದು, ಅದನ್ನು ಬೇರೆಯಾಗಿ ಎಣಿಸಬೇಕು. ಊರಿಂದ ದೂರ, ತೋಟದಲ್ಲೇ ಮನೆ ಮಾಡಿಕೊಂಡವರನ್ನೂ ಅಷ್ಟೇ. ನೀರು ಸುತ್ತುವರಿದರೆ ಮೊದಲು ನಡುಗಡ್ಡೆಯಾಗುವುದು ಅವರೇ.

ದನಗಳನ್ನೂ ಎಣಿಸಿ. "ನಾ ಬರಂಗಿಲ್ರಿ ಸರ. ಎಮ್ಮಿ ಯಾರಿಗೆ ಬಿಟ್ಟು ಬರ್ಲಿ?" ಅಂತ ಒಬ್ಬ ಅಜ್ಜಿ ದೋಣಿ ಹತ್ತಲಿಲ್ಲ. ಮೇವಿನ ಲೆಕ್ಕ ಇಲ್ಲದೆ ಜನರನ್ನು ಸಾಗಿಸುತ್ತೇವೆ ಅನ್ನುವುದು ಕಾಗದದ ಮೇಲೆ ಮಾತ್ರ ಆಗುವ ಕೆಲಸ.

ಒಂದು ಭಯವೂ ಇದೆ, ಹೇಳಿಬಿಡುತ್ತೇನೆ. ಯಾರಿಗೆ ಯಾವ ಕಾಯಿಲೆ, ಯಾರು ಒಂಟಿ ಹೆಂಗಸು ಅನ್ನುವುದು ಪಂಚಾಯತಿ ಗೋಡೆಗೆ ಬರಬಾರದು, ವಾಟ್ಸಾಪ್ ಗ್ರೂಪಿಗಂತೂ ಬರಲೇಬಾರದು. ತಾಲ್ಲೂಕಿಗೆ ಸಂಖ್ಯೆ ಹೋಗಲಿ. ಹೆಸರು ಆಶಾ, ಅಂಗನವಾಡಿಯವರ ಹತ್ತಿರವೇ ಉಳಿಯಲಿ.

ನಾನು ಕೇಳುವುದು ಇಷ್ಟೇ. ನದಿ ದಂಡೆಯ ಪ್ರತಿ ಊರಿನಲ್ಲೂ ಮೇ ತಿಂಗಳಲ್ಲಿ ಒಂದು ದಿನ ಗ್ರಾಮ ಆಡಳಿತ ಅಧಿಕಾರಿ, ಪಿಡಿಒ, ಆಶಾ, ಅಂಗನವಾಡಿ ಕಾರ್ಯಕರ್ತೆ ಒಂದೇ ಮೇಜಿಗೆ ಕೂತು ಈ ಪಟ್ಟಿಗಳನ್ನು ಒಂದು ಹಾಳೆಗೆ ಇಳಿಸಲಿ. ಸೆಪ್ಟೆಂಬರ್ ಕೊನೆಗೆ ಇನ್ನೊಮ್ಮೆ ತಿದ್ದಲಿ. ಟ್ಯಾಂಕರ್, ಅಕ್ಕಿ, ದೋಣಿ ಎಲ್ಲವೂ ಆ ಹಾಳೆ ನೋಡಿ ಹೊರಡಲಿ. ನಮ್ಮೂರಿನ ಸಭೆಗೆ ನನ್ನನ್ನು ಕರೆದರೆ ತೋಟದ ಮನೆಗಳ ನಕ್ಷೆ ಬರೆದುಕೊಡುತ್ತೇನೆ. ಯಾವ ದಾರಿ ಮೊದಲು ಮುಳುಗುತ್ತದೆ ಅನ್ನುವುದನ್ನೂ ಗುರುತು ಹಾಕಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೃಷ್ಣಾ ದಂಡೆಯ ಒಬ್ಬ ನಿವೃತ್ತ ಮಾಸ್ತರ