ಬ್ಯಾಟರಿ ಬೆಂಕಿ: ಒಳಗಿನ ಪೊರೆಯನ್ನೂ ವಿಚಾರಿಸಿ

ಸಂಪಾದಕರೇ,

ಲಿಥಿಯಂ ಬ್ಯಾಟರಿಗೆ ಬೆಂಕಿ ಬಿತ್ತು ಅಂದ ಕೂಡಲೇ ಚಾರ್ಜರ್ ಸರಿ ಇರಲಿಲ್ಲ, ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದರು, ಬಿಸಿಲಲ್ಲಿ ಬಿಟ್ಟಿದ್ದರು ಅಂತ ಬಳಸಿದವರ ತಲೆಗೇ ಕಟ್ಟುತ್ತಾರೆ. ಇರಬಹುದು. ಆದರೆ ಆ ಬಿಸಿಯನ್ನು ತಡೆದುಕೊಳ್ಳಬೇಕಿದ್ದ ಸೆಪರೇಟರ್ ಎಂಥದ್ದು ಅಂತ ಯಾರೂ ಕೇಳುವುದಿಲ್ಲ.

ಬ್ಯಾಟರಿಯ ಪ್ಲಸ್, ಮೈನಸ್ ಪದರಗಳು ಒಂದಕ್ಕೊಂದು ತಾಗದಂತೆ ನಡುವೆ ಇಡುವ ಬಿಳಿ ಪ್ಲಾಸ್ಟಿಕ್ ಪೊರೆ ಇದು. ದಪ್ಪ ಸಾಮಾನ್ಯವಾಗಿ 10ರಿಂದ 25 ಮೈಕ್ರಾನ್, ಕೂದಲಿಗಿಂತ ತೆಳು. ಹೆಚ್ಚಾಗಿ ಪಾಲಿಎಥಿಲೀನ್ ಇಲ್ಲವೇ ಪಾಲಿಪ್ರೊಪಿಲೀನ್. ಪಾಲಿಎಥಿಲೀನ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಲಿಥಿಯಂ ಅಯಾನುಗಳು ಹಾದುಹೋಗುವ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಕರೆಂಟ್ ನಿಲ್ಲುತ್ತದೆ. ಒಳ್ಳೇ ಉಪಾಯವೇ. ಆದರೆ ರಂಧ್ರ ಮಾಡಲೆಂದೇ ಈ ಪೊರೆಯನ್ನು ಎಳೆದು ಹಿಗ್ಗಿಸಿರುತ್ತಾರೆ, ಹಾಗಾಗಿ ಬಿಸಿ ತಾಗಿದರೆ ಅದು ಅಂಚಿನಿಂದ ಒಳಕ್ಕೆ ಮುದುಡಿಕೊಳ್ಳುತ್ತದೆ, ಬರಿದಾದ ಅಂಚಿನಲ್ಲಿ ಎರಡೂ ಪದರ ತಾಗಿ ಒಳಗೇ ಶಾರ್ಟ್ ಆಗುತ್ತದೆ. ಆಮೇಲೆ ಚಾರ್ಜರ್ ಕಿತ್ತು ಬಿಸಾಡಿದರೂ ಬೆಂಕಿ ನಿಲ್ಲದು. ಒಳಗಿರುವ ಎಲೆಕ್ಟ್ರೊಲೈಟ್ ಕೂಡ ಉರಿಯುವ ದ್ರವವೇ ಅಲ್ವಾ.

ಹಾಗಂತ ಕರಗದ ಪೊರೆ ಹಾಕಿದರೆ ಮುಗೀತು ಅಂತಲ್ಲ. ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ 300 ಡಿಗ್ರಿಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಕರಗದಿದ್ದರೆ ರಂಧ್ರ ಮುಚ್ಚುವುದೂ ಇಲ್ಲ, ಬೆಲೆಯೂ ಜಾಸ್ತಿ. ನನಗೆ ಹಿಡಿಸುವುದು ನಡುವಿನ ದಾರಿ: ಮಾಮೂಲಿ ಪೊರೆಯ ಮೇಲೆ ಎರಡು ಮೂರು ಮೈಕ್ರಾನ್ ಅಲ್ಯೂಮಿನಾ ಅಥವಾ ಬೋಹ್ಮೈಟ್ ಎಂಬ, ಆ ಬಿಸಿಗೆ ಕರಗದ ಸೆರಾಮಿಕ್ ಪುಡಿಯ ಲೇಪ. ಒಳಗಿನ ಪ್ಲಾಸ್ಟಿಕ್ ಕರಗಿದರೂ ಮೇಲಿನ ಪದರ ಅದನ್ನು ಮುದುಡಲು ಬಿಡದು. ಇದರಲ್ಲೂ ತಲೆನೋವಿದೆ. ಪುಡಿಯನ್ನು ಹಿಡಿದಿಡುವ ಅಂಟು ಕಮ್ಮಿಯಾದರೆ ಉದುರುತ್ತದೆ, ಜಾಸ್ತಿಯಾದರೆ ರಂಧ್ರ ಕಟ್ಟಿಕೊಳ್ಳುತ್ತದೆ. ಪುಡಿ ತೇವ ಹೀರಿದ್ದು ಸರಿಯಾಗಿ ಒಣಗದಿದ್ದರೆ ಎಲೆಕ್ಟ್ರೊಲೈಟ್ ಕೆಟ್ಟು ಆಮ್ಲ ಹುಟ್ಟುತ್ತದೆ.

ಲೇಪ ಇದ್ದ ಮಾತ್ರಕ್ಕೆ ಬೆಂಕಿಯೇ ಬರಲ್ಲ ಅನ್ನುವುದೂ ಸುಳ್ಳು. 2016ರಲ್ಲಿ ಬೆಂಕಿ ಹತ್ತಿಕೊಂಡು ಸುದ್ದಿಯಾದ ಸ್ಯಾಮ್‌ಸಂಗ್ ಫೋನ್ ಗ್ಯಾಲಕ್ಸಿ ನೋಟ್ 7 ನೆನಪಿರಬೇಕು. ಅದರ ಒಂದು ಬಗೆಯ ಬ್ಯಾಟರಿಯಲ್ಲಿ ವೆಲ್ಡಿಂಗಿನ ಚೂಪು ಮೊನೆ ಪೊರೆಯನ್ನೇ ಚುಚ್ಚಿತ್ತು.

ಅದಕ್ಕೇ ಜಾಹೀರಾತಿನಲ್ಲಿ ಸುಮ್ನೆ ‘ಸೆರಾಮಿಕ್ ಸೆಪರೇಟರ್’ ಅಂತ ಬರೆದರೆ ಸಾಲದು. ಪೊರೆಯ ತುಂಡನ್ನು 150 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ ಇಟ್ಟರೆ ಉದ್ದದಲ್ಲಿ ಎಷ್ಟು, ಅಗಲದಲ್ಲಿ ಎಷ್ಟು ಶೇಕಡಾ ಕುಗ್ಗುತ್ತದೆ ಅಂತ ಅಳೆಯುವುದು ಕಷ್ಟದ ಕೆಲಸವೇನಲ್ಲ. ತಯಾರಕರು ಆ ಎರಡು ಅಂಕಿ ಬ್ಯಾಟರಿಯ ವಿವರದಲ್ಲಿ ಹಾಕಲಿ. ನೀವೂ ಮುಂದಿನ ಸಲ ಬ್ಯಾಟರಿ ಬೆಂಕಿಯ ಸುದ್ದಿ ಬರೆಯುವಾಗ ಚಾರ್ಜರ್ ಜತೆ ಇದನ್ನೂ ಕೇಳಿ.

— ಒಬ್ಬ ಓದುಗ