ಕಣ್ಣಿಗೆ ಹಚ್ಚುವ ಕಪ್ಪು ಯಾವುದೆಂದು ಲೇಬಲ್ ಹೇಳಲಿ

ಮಾನ್ಯ ಸಂಪಾದಕರೇ,

ಕಪ್ಪು ಮಸ್ಕರಾ, ಐಲೈನರ್, ಕಾಡಿಗೆಗಳ ಬಗ್ಗೆ ಎರಡು ಮಾತು ಮತ್ತೆ ಮತ್ತೆ ಅಚ್ಚಾಗುತ್ತಿವೆ. ‘ಕಾರ್ಬನ್ ಬ್ಲ್ಯಾಕ್ ಕ್ಯಾನ್ಸರ್ ತರುತ್ತದೆ, ಮುಟ್ಟಲೇಬೇಡಿ’ ಎಂಬುದು ಒಂದು. ‘ನೈಸರ್ಗಿಕ ಕಪ್ಪಾದರೆ ಭಯವಿಲ್ಲ’ ಎಂಬುದು ಇನ್ನೊಂದು. ಎರಡೂ ಓದುಗರ ದಾರಿ ತಪ್ಪಿಸುತ್ತವೆ. ನಮ್ಮ ಮಟ್ಟಿಗೆ ಎರಡನೆಯದರಿಂದಲೇ ಹಾನಿ ಹೆಚ್ಚು. ಕಪ್ಪು ಎಂಬುದು ಒಂದೇ ವಸ್ತುವಲ್ಲ. ಅದು ಯಾವ ಕಪ್ಪು, ಎಷ್ಟು ಶುದ್ಧ, ಪುಡಿಯಾಗಿದೆಯೋ ಮೇಣದಲ್ಲಿ ಬೆರೆತಿದೆಯೋ ಎಂದು ತಿಳಿಯದೆ ಅಪಾಯದ ಮಾತೆತ್ತಲು ಬರುವುದಿಲ್ಲ.

ಮೊದಲು ಕಾರ್ಬನ್ ಬ್ಲ್ಯಾಕ್ ವಿಚಾರ. ಲೇಬಲ್ ಮೇಲೆ ಇದರ ಗುರುತು ಸಿಐ 77266. ಸಿಐ ಎಂದರೆ ಕಲರ್ ಇಂಡೆಕ್ಸ್, ಪ್ರತಿ ಬಣ್ಣಕ್ಕೂ ಕೊಟ್ಟಿರುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ. ಭಾರವಾದ ಪೆಟ್ರೋಲಿಯಂ ಎಣ್ಣೆಯನ್ನು 1,300 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯ ಕುಲುಮೆಯಲ್ಲಿ, ಸಾಲದಷ್ಟು ಗಾಳಿಯಲ್ಲಿ ಅರೆಬರೆ ಉರಿಸಿ, ನೀರು ಚಿಮ್ಮಿಸಿ ತಣಿಸಿ ಹಿಡಿದ ಮಸಿ ಇದು. ತೊಂದರೆ ಇರುವುದು ಇಂಗಾಲದಲ್ಲಿ ಅಲ್ಲ. ಉರಿಯುವಾಗ ಜೊತೆಗೇ ಹುಟ್ಟಿ ಕಣದ ಮೈಗೆ ಅಂಟಿಕೊಳ್ಳುವ ಪಾಲಿಸೈಕ್ಲಿಕ್ ಅರೋಮ್ಯಾಟಿಕ್ ಹೈಡ್ರೋಕಾರ್ಬನ್‌ಗಳಲ್ಲಿ. ಪ್ರಯೋಗಾಲಯಗಳಲ್ಲಿ ಇವುಗಳಿಗೆ ಪಿಎಎಚ್ ಎನ್ನುತ್ತಾರೆ. ಬೆಂಜೊಪೈರೀನ್ ಇವುಗಳಲ್ಲೇ ಕುಖ್ಯಾತ. ಈ ಕಾರಣಕ್ಕೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1976ರಲ್ಲಿ ಕಾರ್ಬನ್ ಬ್ಲ್ಯಾಕನ್ನು ಸೌಂದರ್ಯವರ್ಧಕಗಳಿಂದ ಹೊರಗಿಟ್ಟಿತು. 2004ರಲ್ಲಿ ಮತ್ತೆ ಒಳಬಿಟ್ಟಾಗ ಕಟ್ಟುನಿಟ್ಟಿನ ಮಿತಿ ಹಾಕಿತು: ಒಟ್ಟು ಪಿಎಎಚ್ ಕಿಲೋಗೆ 0.5 ಮಿಲಿಗ್ರಾಂ, ಬೆಂಜೊಪೈರೀನ್ 0.005 ಮಿಲಿಗ್ರಾಂ, ಸೀಸ 10, ಆರ್ಸೆನಿಕ್ 3, ಪಾದರಸ 1 ಮಿಲಿಗ್ರಾಂ ಮೀರಬಾರದು. ಪ್ರತಿ ಬ್ಯಾಚೂ ಪ್ರಮಾಣೀಕರಣಗೊಂಡ ನಂತರವೇ ಬಳಕೆಗೆ ಬರಬೇಕು. ಐರೋಪ್ಯ ಒಕ್ಕೂಟದ ಶುದ್ಧತೆಯ ಮಿತಿಗಳೂ ಇವೇ. ನ್ಯಾನೊ ರೂಪದಲ್ಲಿದ್ದರೆ, ಅಂದರೆ ಅತಿ ಸೂಕ್ಷ್ಮ ಕಣಗಳಾಗಿದ್ದರೆ, ಉತ್ಪನ್ನದಲ್ಲಿ ಶೇ 10ಕ್ಕಿಂತ ಹೆಚ್ಚು ಇರಬಾರದು, ಬಳಸುವವರ ಶ್ವಾಸಕೋಶಕ್ಕೆ ಹೋಗುವಂಥ ಉತ್ಪನ್ನದಲ್ಲಿ ಇರಲೇಬಾರದು ಎಂದೂ 2016ರಲ್ಲಿ ಅಲ್ಲಿ ನಿಯಮವಾಗಿದೆ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಾರ್ಬನ್ ಬ್ಲ್ಯಾಕನ್ನು ‘2ಬಿ’ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ ಸಾಲಿನಲ್ಲಿ ಇಟ್ಟಿರುವುದು ನಿಜ. ಆದರೆ ಅದಕ್ಕೆ ಮುಖ್ಯ ಆಧಾರ ದೂಳನ್ನು ಉಸಿರಾಡಿದ ಇಲಿಗಳ ಶ್ವಾಸಕೋಶದಲ್ಲಿ ಕಂಡ ಗಡ್ಡೆಗಳು. ಮೇಣ, ಎಣ್ಣೆ, ಪಾಲಿಮರ್‌ಗಳಲ್ಲಿ ಹುದುಗಿರುವ ಮಸ್ಕರಾದ ಕಪ್ಪು ಗಾಳಿಗೆ ಏಳುವುದಿಲ್ಲ. ಸಡಿಲ ಪುಡಿ ಮತ್ತು ಸ್ಪ್ರೇಗಳ ಲೆಕ್ಕವೇ ಬೇರೆ. ಅಲ್ಲಿ ಉಸಿರಿನ ಪ್ರಶ್ನೆ ನಿಜವಾದದ್ದು. ಸುದ್ದಿ ಬರೆಯುವವರು ಈ ವ್ಯತ್ಯಾಸವನ್ನು ಬಿಟ್ಟರೆ ಓದುಗರು ಭಯಪಡಬೇಕಾದ ಕಡೆ ನಿಶ್ಚಿಂತರಾಗಿ, ಬೇಡದ ಕಡೆ ಗಾಬರಿಯಾಗುತ್ತಾರೆ.

ಕಬ್ಬಿಣದ ಆಕ್ಸೈಡಿನ ಕಪ್ಪು, ಸಿಐ 77499, ಕಣ್ಣಿನ ಪ್ರಸಾಧನಗಳಲ್ಲಿ ಬಹಳ ಬಳಕೆಯಲ್ಲಿದೆ. ಇದರ ಬಣ್ಣ ಕೊಂಚ ಮಾಸಲು, ಗಾಢತೆ ಕಡಿಮೆ. ಆದ್ದರಿಂದ ಕಾರ್ಬನ್ ಬ್ಲ್ಯಾಕಿಗಿಂತ ಹೆಚ್ಚು ಹಾಕಬೇಕು. ಮಸ್ಕರಾದಲ್ಲಿ ಸುಮಾರು ಶೇ 10ರಷ್ಟು ಇರುವುದು ಸಾಮಾನ್ಯ. ಭೂಮಿಯಿಂದ ತೆಗೆದ ಅದಿರಿನ ಜೊತೆ ಸೀಸ, ಆರ್ಸೆನಿಕ್ ಬರುತ್ತವೆ. ಹಾಗಾಗಿ ಸೌಂದರ್ಯವರ್ಧಕಗಳಿಗೆ ಕಾರ್ಖಾನೆಯಲ್ಲಿ ತಯಾರಿಸಿದ್ದನ್ನೇ ಬಳಸುತ್ತಾರೆ. ‘ಖನಿಜ ಮೂಲದ್ದು’ ಎಂಬ ಹೊಗಳಿಕೆ ಇಲ್ಲಿ ಹೊಗಳಿಕೆಯೇ ಅಲ್ಲ. ಇದು ಅಯಸ್ಕಾಂತಕ್ಕೆ ಸೆಳೆಯಲ್ಪಡುವ ವಸ್ತು ಎಂಬುದನ್ನೂ ಹೇಳಬೇಕು. ಎಂಆರ್‌ಐ ಸ್ಕ್ಯಾನ್‌ಗೆ ಮುಂಚೆ ಕಣ್ಣಿನ ಮೇಕಪ್ ಪೂರ್ತಿ ಒರೆಸಿರಬೇಕು. ಇಲ್ಲದಿದ್ದರೆ ಕಣ್ಣಿನ ಸುತ್ತ ಚಿತ್ರ ಕೆಡುತ್ತದೆ, ಅಪರೂಪಕ್ಕೆ ಚರ್ಮ ಬಿಸಿಯಾಗುವುದೂ ಉಂಟು.

ಮೂಳೆ ಸುಟ್ಟು ಮಾಡುವ ಕಪ್ಪೂ ಇದೆ: ಸಿಐ 77267. ದನದ ಮೂಳೆಯನ್ನು 700 ಡಿಗ್ರಿಗೂ ಮೇಲಿನ ಶಾಖದಲ್ಲಿ ಸುಟ್ಟು ಪಡೆಯುತ್ತಾರೆ. ಪ್ರಾಣಿಮೂಲದ ಕಪ್ಪು ಬೇಡ ಎನ್ನುವವರು ಈ ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಸಾಕು.

ನಿಜವಾಗಿ ಭಯಪಡಬೇಕಾದದ್ದು ಗೆಲೀನಾಕ್ಕೆ. ಸೀಸ ಸಲ್ಫೈಡಿನ ಈ ಅದಿರನ್ನು ನುಣ್ಣಗೆ ಅರೆದು ಸುರ್ಮಾ, ಕೋಲ್ ಎಂಬ ಹೆಸರುಗಳಲ್ಲಿ ಮಾರುವುದುಂಟು. ಶುದ್ಧ ಗೆಲೀನಾದ ತೂಕದಲ್ಲಿ ಶೇ 86ಕ್ಕೂ ಹೆಚ್ಚು ಪಾಲು ಸೀಸವೇ. ಲೆಕ್ಕ ಹಾಕಿ ನೋಡಿ: ಮಿತಿಯ ಅಂಚಿನಲ್ಲಿರುವ, ಅಂದರೆ ಕಿಲೋಗೆ 10 ಮಿಲಿಗ್ರಾಂ ಸೀಸವಿರುವ ಕಾರ್ಬನ್ ಬ್ಲ್ಯಾಕನ್ನು ಒಂದು ಕಿಲೋ ಐಲೈನರ್‌ಗೆ 50 ಗ್ರಾಂ ಹಾಕಿದರೆ ಅದರಿಂದ ಬರುವ ಸೀಸ ಅರ್ಧ ಮಿಲಿಗ್ರಾಂ. ಅರ್ಧಪಾಲು ಸೀಸವಿರುವ ಸುರ್ಮಾದ ಒಂದು ಕಿಲೋದಲ್ಲಿ ಅದು ಅರ್ಧ ಕಿಲೋ. ವ್ಯತ್ಯಾಸ ಹತ್ತು ಲಕ್ಷ ಪಟ್ಟು. ಇಷ್ಟಾದರೂ ‘ರಾಸಾಯನಿಕರಹಿತ’ ಎಂಬ ಚೀಟಿ ಅಂಟುವುದು ಎರಡನೆಯದಕ್ಕೇ.

ಈ ಸೀಸ ದೇಹಕ್ಕೆ ಹೋಗುವುದು ಹೆಚ್ಚಾಗಿ ಚರ್ಮದ ಮೂಲಕ ಅಲ್ಲ. ಕಣ್ಣೀರಿನೊಂದಿಗೆ ಕಣ್ಣಿನ ಮೂಲೆಯ ನಾಳದಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ ಇಳಿಯುತ್ತದೆ. ಕಣ್ಣುಜ್ಜಿದ ಬೆರಳು ಬಾಯಿಗೆ ಹೋದಾಗಲೂ ಒಳಸೇರುತ್ತದೆ. ಪುಟ್ಟ ಮಕ್ಕಳಿಗೆ ಅಪಾಯ ಹೆಚ್ಚಿರುವುದು ಇದರಿಂದಲೇ. ಬೆಳೆಯುವ ಮಿದುಳಿಗೆ ಇಷ್ಟು ಸೀಸವಾದರೆ ತೊಂದರೆಯಿಲ್ಲ ಎಂಬ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಪುಡಿಯ ಹೊಳಪು ನೋಡಿಯೋ ಬೆರಳಿಗೆ ಸವರಿಯೋ ಸೀಸವನ್ನು ಪತ್ತೆ ಮಾಡಲಾಗದು. ಬಣ್ಣ ಬದಲಿಸುವ ಮನೆಬಳಕೆಯ ಪರೀಕ್ಷಾ ಕಡ್ಡಿಗಳನ್ನೂ ನಂಬಬೇಡಿ: ಸೀಸ ಸಲ್ಫೈಡ್ ಸುಲಭಕ್ಕೆ ಕರಗದ ಕಾರಣ ‘ಇಲ್ಲ’ ಎಂಬ ಸುಳ್ಳು ಉತ್ತರ ಬರಬಹುದು. ಎಕ್ಸ್‌ರೇ ಹಾಯಿಸಿ ಲೋಹವನ್ನು ಗುರುತಿಸುವ ಪ್ರತಿದೀಪ್ತಿ (ಎಕ್ಸ್‌ಆರ್‌ಎಫ್) ಯಂತ್ರದಲ್ಲಿಟ್ಟು ನೋಡಬೇಕು, ಇಲ್ಲವೇ ಆಮ್ಲದಲ್ಲಿ ಕರಗಿಸಿ ಪ್ರಯೋಗಾಲಯದಲ್ಲಿ ಅಳೆಯಬೇಕು. ಇಂಥ ಕಪ್ಪನ್ನು ಮಗುವಿಗೆ ಈಗಾಗಲೇ ಹಚ್ಚುತ್ತಿದ್ದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ ರಕ್ತದ ಸೀಸದ ಮಟ್ಟ ನೋಡಿಸುವುದು ಒಳ್ಳೆಯದು.

ಎಣ್ಣೆ ದೀಪದ ಮಸಿಯಲ್ಲಿ ಗೆಲೀನಾದಷ್ಟು ಸೀಸ ಇರುವುದಿಲ್ಲ. ಆದರೆ ಹಳದಿಯಾಗಿ, ಹೊಗೆಯಾಡುತ್ತ, ಗಾಳಿ ಸಾಲದೆ ಉರಿಯುವ ಜ್ವಾಲೆ ಪಿಎಎಚ್ ಹುಟ್ಟಲು ತಕ್ಕ ಜಾಗ. ಕಾರ್ಖಾನೆಯ ಕಪ್ಪಿಗಿರುವ ಶುದ್ಧತೆಯ ಪರೀಕ್ಷೆ ಇದಕ್ಕೆ ನಡೆದಿರುವುದಿಲ್ಲ. ಮನೆಯಲ್ಲಿ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಅದು ಹೆಚ್ಚು ಸುರಕ್ಷಿತ ಎನ್ನಲು ಆಧಾರವಿಲ್ಲ.

ಇನ್ನು ವರ್ಣದ್ರವ್ಯವಲ್ಲದಿದ್ದರೂ ಕಪ್ಪಿನ ಹೆಸರಲ್ಲಿ ಚರ್ಮ ಸುಡುವ ಪಿಪಿಡಿ. ಕಪ್ಪು ಹೇರ್ ಡೈಗಳಲ್ಲಿರುವ ಪ್ಯಾರಾಫಿನೈಲೀನ್‌ಡೈಅಮೀನ್ ಇದು. ಬೆರೆಸಿದ ಮೇಲೆ ತಲೆಗೆ ಹಚ್ಚುವ ಮಿಶ್ರಣದಲ್ಲಿ ಶೇ 2 ಮೀರಬಾರದು ಎಂದು ಐರೋಪ್ಯ ನಿಯಮವಿದೆ. 1933ರ ಸುಮಾರಿಗೆ ಅಮೆರಿಕದಲ್ಲಿ ‘ಲ್ಯಾಶ್ ಲ್ಯೂರ್’ ಎಂಬ ರೆಪ್ಪೆಯ ಬಣ್ಣ ಕಣ್ಣು ಕುರುಡಾಗಿಸಿದ್ದು ಇದೇ ಬಗೆಯ ರಾಸಾಯನಿಕದಿಂದ. 1938ರ ಅಲ್ಲಿನ ಆಹಾರ, ಔಷಧ ಮತ್ತು ಸೌಂದರ್ಯವರ್ಧಕ ಕಾನೂನಿನ ಹಿಂದೆ ಆ ಪ್ರಕರಣದ ನೆರಳಿದೆ. ತಲೆಗೂದಲಿನ ಬಣ್ಣವನ್ನು ಹುಬ್ಬಿಗೂ ರೆಪ್ಪೆಗೂ ಎಂದೂ ಹಚ್ಚಬಾರದು. ‘ಕಪ್ಪು ಮೆಹಂದಿ’ ಎಂದು ಮಾರುವುದರಲ್ಲೂ ಬಹುತೇಕ ಇರುವುದು ಪಿಪಿಡಿಯೇ. ಮೆಹಂದಿ ಎಲೆ ಕೊಡುವುದು ಕಿತ್ತಳೆಯಿಂದ ಕೆಂಗಂದಿನವರೆಗಿನ ಬಣ್ಣ, ಅದೂ ಗಂಟೆಗಟ್ಟಲೆ ಬಿಟ್ಟರೆ. ಅರ್ಧ ಗಂಟೆಯಲ್ಲಿ ಕಡುಗಪ್ಪಾದರೆ ಸಂಶಯಪಡಿ. ಮೊದಲ ಸಲ ಏನೂ ಆಗದಿರಬಹುದು. ದೇಹ ಒಮ್ಮೆ ಗುರುತು ಹಿಡಿದುಕೊಂಡರೆ ಮುಂದಿನ ಸಲ ಒಂದೆರಡು ದಿನಕ್ಕೆ ಗುಳ್ಳೆ, ಊತ ಬರುತ್ತದೆ. ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಕೆಲವು ಅರಿವಳಿಕೆ ಮುಲಾಮುಗಳಿಗೂ ಬಟ್ಟೆಯ ಬಣ್ಣಗಳಿಗೂ ಅದು ಚಾಚಿಕೊಳ್ಳಬಹುದು. ಹೇರ್ ಡೈ ಹಚ್ಚುವ 48 ಗಂಟೆ ಮೊದಲು ಚರ್ಮದ ಮೇಲೆ ಪರೀಕ್ಷಿಸಿ ಎಂದು ಪೊಟ್ಟಣದ ಮೇಲೆ ಬರೆದಿರುವುದು ಸುಮ್ಮನೆ ಅಲ್ಲ. ಕಪ್ಪು ಮೆಹಂದಿಯಿಂದ ಹಿಂದೆ ಗುಳ್ಳೆ ಎದ್ದವರಂತೂ ಆ ಪರೀಕ್ಷೆಗೂ ಕೈಹಾಕದೆ ಮೊದಲು ಚರ್ಮವೈದ್ಯರನ್ನು ಕಾಣಬೇಕು.

ಸಣ್ಣ ಪ್ರಮಾಣದಲ್ಲಿ ಕಾಡಿಗೆ, ಐಲೈನರ್ ತಯಾರಿಸಿ ಮಾರುವವರಿಗೆ ಒಂದು ವಿಷಯ ಒತ್ತಿ ಹೇಳಬೇಕಿದೆ, ಏಕೆಂದರೆ ಅವರಲ್ಲಿ ಅನೇಕರು ಇದನ್ನು ಗಮನಿಸುವುದಿಲ್ಲ. ಸೌಂದರ್ಯವರ್ಧಕ ದರ್ಜೆಯ ಒಂದು ಗ್ರಾಂ ಕಾರ್ಬನ್ ಬ್ಲ್ಯಾಕಿನ ಮೇಲ್ಮೈ 200 ಚದರ ಮೀಟರ್ ದಾಟಬಹುದು. ಅಷ್ಟು ದೊಡ್ಡ ಮೈ, ಉತ್ಪನ್ನ ಕೆಡದಂತೆ ಹಾಕುವ ಸಂರಕ್ಷಕಗಳನ್ನೂ ಹೀರಿಕೊಳ್ಳುತ್ತದೆ. ಬಣ್ಣ ಹಾಕದ ಬೇಸ್‌ನಲ್ಲಿ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ತಡೆದ ಸಂರಕ್ಷಕ, ಅದೇ ಪ್ರಮಾಣದಲ್ಲಿ, ಕಪ್ಪು ಬೆರೆತ ಮೇಲೆ ಸೋಲಬಹುದು. ಆದ್ದರಿಂದ ಸೂಕ್ಷ್ಮಜೀವಿ ಪರೀಕ್ಷೆಯನ್ನು ಸಿದ್ಧವಾದ ಕಪ್ಪು ಉತ್ಪನ್ನದ ಮೇಲೆಯೇ ಮಾಡಿಸಬೇಕು. ಒಣಪುಡಿಯನ್ನು ತೆರೆದ ಪಾತ್ರೆಗೆ ಸುರಿದು ಕಲಕಬೇಡಿ: ದೂಳು ನಿಮ್ಮ ಉಸಿರಿಗೇ ಹೋಗುತ್ತದೆ, ಪುಡಿ ಗಂಟುಗಂಟಾಗಿ ಉಳಿದು ಹಚ್ಚಿದ ಮೇಲೆ ಉದುರಿ ಕಣ್ಣಿಗೆ ಬೀಳುತ್ತದೆ. ಎಣ್ಣೆಯಲ್ಲಿ ಮೊದಲೇ ಅರೆದ ಪೇಸ್ಟ್ ಸಿಗುತ್ತದೆ, ಅದನ್ನೇ ಕೊಳ್ಳಿ. ಟೈರ್, ಪೇಂಟ್, ಮುದ್ರಣಶಾಯಿಗೆಂದು ಮಾರುವ ಕಾರ್ಬನ್ ಬ್ಲ್ಯಾಕ್ ನೋಡಲು ಹಾಗೇ ಇದ್ದರೂ ಮೇಲೆ ಹೇಳಿದ ಶುದ್ಧತೆಯ ಮಿತಿಗಳಿಗೆ ಒಳಪಟ್ಟದ್ದಲ್ಲ. ಪೂರೈಕೆದಾರರಿಂದ ಆ ಬ್ಯಾಚಿನದ್ದೇ ವಿಶ್ಲೇಷಣಾ ಪತ್ರ ಕೇಳಿ. ಅದರಲ್ಲಿ ಸಿಐ ಸಂಖ್ಯೆ, ಒಟ್ಟು ಪಿಎಎಚ್, ಬೆಂಜೊಪೈರೀನ್, ಸೀಸ, ಆರ್ಸೆನಿಕ್, ಪಾದರಸ ಎಲ್ಲವೂ ಅಂಕಿಯಲ್ಲಿ ಇರಬೇಕು. ‘ಮಾನದಂಡಕ್ಕೆ ಅನುಗುಣ’ ಎಂಬ ಒಂದು ಸಾಲು ಸಾಲದು.

ಬಳಸುವವರು ರೆಪ್ಪೆಯ ಒಳ ಅಂಚಿಗೆ ಹಚ್ಚುವುದನ್ನು ಬಿಟ್ಟರೆ ಅರ್ಧ ತೊಂದರೆ ಕಳೆಯುತ್ತದೆ. ಕಣ್ಣಿನ ತೇವ ಆರದಂತೆ ಎಣ್ಣೆ ಸ್ರವಿಸುವ ಗ್ರಂಥಿಗಳ ಬಾಯಿ ಇರುವುದು ಅಲ್ಲೇ. ಕಪ್ಪು ಅದನ್ನು ಮುಚ್ಚುತ್ತದೆ, ಕಣಗಳು ಕಣ್ಣೀರಿನ ಪದರಕ್ಕೆ ಸೇರುತ್ತವೆ. ತೆರೆದ ಮಸ್ಕರಾವನ್ನು ಮೂರು ತಿಂಗಳಿಗೆ ಎಸೆಯಬೇಕು. ಒಣಗಿದೆಯೆಂದು ನೀರು, ಎಂಜಲು ಬೆರೆಸಬಾರದು. ಕಣ್ಣು ಕೆಂಪಾಗಿ ಕೀವು ಬಂದಾಗ ಬಳಸಿದ್ದನ್ನು ಮತ್ತೆ ಮುಟ್ಟಬಾರದು.

ಇಷ್ಟೆಲ್ಲ ತಿಳಿದವರೂ ಅಂಗಡಿಯಲ್ಲಿ ಸೋಲುವುದು ಲೇಬಲ್ ಮುಂದೆ. ಪದಾರ್ಥ ಪಟ್ಟಿಯ ಕೊನೆಗೆ ‘+/-’ ಚಿಹ್ನೆ ಹಾಕಿ ಎಲ್ಲ ಛಾಯೆಗಳ ಬಣ್ಣಗಳನ್ನೂ ಒಟ್ಟಿಗೆ ಸುರಿದಿರುತ್ತಾರೆ. ಕೈಯಲ್ಲಿರುವ ಟ್ಯೂಬಿನಲ್ಲಿ 77266 ಇದೆಯೋ 77499 ಇದೆಯೋ ತಿಳಿಯುವುದೇ ಇಲ್ಲ. ಆನ್‌ಲೈನ್ ಮಾರಾಟದ ಪುಟಗಳಲ್ಲಿ ಎಷ್ಟೋ ಸಲ ಪಟ್ಟಿಯೇ ಇರುವುದಿಲ್ಲ. ಕಪ್ಪು ಛಾಯೆಗೆ ಪ್ರತ್ಯೇಕ ಪಟ್ಟಿ, ಅದರಲ್ಲಿ ಸಿಐ ಸಂಖ್ಯೆ, ನ್ಯಾನೊ ರೂಪದ್ದಾದರೆ ಆ ಮಾತು, ಬ್ಯಾಚ್ ಸಂಖ್ಯೆ ಇಷ್ಟನ್ನು ತಯಾರಕರೂ ಮಾರಾಟಗಾರರೂ ಕಡ್ಡಾಯವಾಗಿ ತೋರಿಸಲಿ. ತಮ್ಮ ಪತ್ರಿಕೆಯ ಸೌಂದರ್ಯ ಪುಟದಲ್ಲಿ ಯಾವುದೇ ಕಪ್ಪು ಪ್ರಸಾಧನದ ಬಗ್ಗೆ ಬರೆಯುವಾಗ ಬ್ರ್ಯಾಂಡಿನ ಹೆಸರಿನ ಪಕ್ಕದಲ್ಲಿ ಆ ಸಂಖ್ಯೆಯನ್ನೂ ಅಚ್ಚು ಮಾಡಬೇಕೆಂದು ಕೋರುತ್ತೇವೆ.

— ಸೌಂದರ್ಯವರ್ಧಕ ತಯಾರಿಕೆ ಮತ್ತು ಪರೀಕ್ಷೆಯಲ್ಲಿ ತೊಡಗಿರುವ ಓದುಗರು