ಬ್ರೂನೋ ಅಪ್ಪನಿಗೆ, ಮತ್ತೆ ಉಳಿದ ಎಲ್ಲರಿಗೂ

ನಮ್ಮ ನಾಯಿ ಕೋಡುಬಳೆಯ ಮಾತ್ರೆ ಮುಗಿಯಿತು. 28 ದಿನದ ಕೋರ್ಸು, ಆಮೇಲೆ ಎರಡು ಸಲ ರಕ್ತ ಪರೀಕ್ಷೆ, ಎಲ್ಲ ಆಗಿ ಡಾಕ್ಟರು ಮೊನ್ನೆ "ಇನ್ನು ಮೂರು ತಿಂಗಳು ಇವಳ ಮುಖ ನನಗೆ ತೋರಿಸಬೇಡಿ" ಅಂತ ನಕ್ಕು ಕಳಿಸಿದರು. ಇಷ್ಟು ದಿನ ಯಾರು ಫೋನ್ ಮಾಡಿದರೂ "ಆಮೇಲೆ ಹೇಳ್ತೀನಿ" ಅಂತ ಇಟ್ಟುಬಿಡುತ್ತಿದ್ದೆ. ಕೆಲವರ ಮೆಸೇಜಿಗೆ ಉತ್ತರವನ್ನೇ ಕೊಟ್ಟಿಲ್ಲ. ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆಯೋಣ ಅಂತ ಕೂತಿದ್ದೇನೆ. ಅವಳು ನನ್ನ ಕಾಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಾಳೆ, ಕಾಲು ಜೋಮು ಹಿಡಿದಿದೆ, ಎಬ್ಬಿಸಲು ಮನಸ್ಸಿಲ್ಲ.

ಕೋಡು ಯಾರು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. 2020ರ ಲಾಕ್‌ಡೌನಿನಲ್ಲಿ ನಮ್ಮ ಸ್ಕೂಟರಿನ ಅಡಿಯಲ್ಲಿ ಸಿಕ್ಕ ಬೀದಿಮರಿ. ಬಾಲ ಸುತ್ತಿಕೊಂಡು ಥೇಟ್ ಕೋಡುಬಳೆ, ಹೆಸರು ಹುಡುಕುವ ಕಷ್ಟವೇ ಬರಲಿಲ್ಲ. ಆಸ್ಪತ್ರೆಯ ಫೈಲಿನ ಮೇಲೂ ಹಾಗೇ ಬರೆದಿದ್ದಾರೆ, "ಕೋಡುಬಳೆ, ಹೆಣ್ಣು, 16 ಕಿಲೋ". ಆ ರಾತ್ರಿ ಅದನ್ನು ಬರೆದುಕೊಂಡ ಹುಡುಗ ಎರಡು ಸಲ ನನ್ನ ಮುಖ ನೋಡಿದ.

ಕಾಯಿಲೆಯ ಕಥೆ ಮತ್ತೆ ಮೊದಲಿಂದ ಹೇಳುವುದಿಲ್ಲ. ಉಣ್ಣೆ ಕಚ್ಚಿ ಬರುವ ಜ್ವರ, ಟಿಕ್ ಫೀವರ್. ರಕ್ತದಲ್ಲಿ ಕೆಂಪು ಕಣ ಎಷ್ಟಿದೆ ಅಂತ ಹೇಳುವ, ಸಾಮಾನ್ಯವಾಗಿ 37ರ ಮೇಲೆ ಇರಬೇಕಾದ ಒಂದು ನಂಬರು ಇವಳಿಗೆ 11ಕ್ಕೆ ಇಳಿದಿತ್ತು. ವಸಡು ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು. ಅಷ್ಟು ಸಾಕು.

ಮೊದಲು ಎಲ್ಲರಿಗೂ. ರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಬಂದು ಬಾಗಿಲು ತೆಗೆದ ಡಾಕ್ಟರಿಗೆ, ಬೆರಳು ಕಚ್ಚಿಸಿಕೊಂಡೂ ಬೈಯದ ಕಾಂಪೌಂಡರ್ ಅಣ್ಣನಿಗೆ, ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ ಅನ್ನದೆ ಸೀಟಿನ ಮೇಲೆ ತಾನೇ ಚೀಲ ಹಾಸಿಕೊಟ್ಟ ಆಟೋದವರಿಗೆ, ಹತ್ತು ದಿನ ಸಾರು ಅನ್ನ ಕಳಿಸಿದ ಎದುರು ಮನೆ ಅಕ್ಕನಿಗೆ, "ಎಷ್ಟು ಬೇಕು" ಅಂತ ಮಾತ್ರ ಕೇಳಿ ದುಡ್ಡು ಹಾಕಿದ ತಮ್ಮನಿಗೆ, ಟೆಸ್ಟು ಇಟ್ಟುಕೊಂಡೂ ಅಳದೆ ಓದಿದ ಹಾಗೆ ನಟಿಸಿದ ಮಗಳಿಗೆ, ಎಲ್ಲರಿಗೂ ಥ್ಯಾಂಕ್ಸ್. ನಿಮ್ಮೆಲ್ಲರನ್ನೂ ಒಂದೇ ವಾಕ್ಯದಲ್ಲಿ ತುರುಕಿದ್ದಕ್ಕೆ ಕ್ಷಮೆ ಇರಲಿ. ಯಾಕೆ ಅಂತ ಮುಂದೆ ಓದಿದರೆ ನಿಮಗೇ ಗೊತ್ತಾಗುತ್ತದೆ.

ನಾಯಿ ವಾಕಿಂಗ್ ಮಾಡಿಸುವವರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ನಾಯಿಗಳ ಹೆಸರು ಮಾತ್ರ ಗೊತ್ತಿರುತ್ತದೆ. ನಮ್ಮ ಬೀದಿಯಲ್ಲಿ ನಾನು ಕೋಡುಬಳೆ ಅಮ್ಮ. ಮೂಲೆಯಲ್ಲಿ ನಂದಿನಿ ಹಾಲಿನ ಬೂತ್ ಇಟ್ಟುಕೊಂಡಿರುವವರು ಬ್ರೂನೋ ಅಪ್ಪ. ಬ್ರೂನೋ ಅಂದರೆ 34 ಕಿಲೋದ ಲ್ಯಾಬ್ರಡಾರ್, ಹಳದಿ ಬಣ್ಣ, ಬುದ್ಧಿ ಸ್ವಲ್ಪ ಕಮ್ಮಿ, ಪ್ರೀತಿ ಜಾಸ್ತಿ. ಮೂರು ವರ್ಷ ದಿನಾ ಬೆಳಿಗ್ಗೆ ನಮ್ಮ ನಡುವೆ ಆಗುತ್ತಿದ್ದ ಮಾತು ಇಷ್ಟೇ: "ಆಯ್ತಾ ವಾಕಿಂಗು?" "ಆಯ್ತು." ಒಂದು ಸಲ ಬ್ರೂನೋ ತಪ್ಪಿಸಿಕೊಂಡಿದ್ದಾಗ ನಂಬರ್ ಕೊಟ್ಟಿದ್ದರು. ಫೋನಿನಲ್ಲಿ "ಬ್ರೂನೋ ಅಪ್ಪ" ಅಂತಲೇ ಹಾಕಿಕೊಂಡಿದ್ದೆ. ಹೆಸರು ಕೇಳಬೇಕು ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಆವತ್ತು ಗುರುವಾರ, ಆಷಾಢದ ಎರಡನೇ ಶುಕ್ರವಾರದ ಹಿಂದಿನ ರಾತ್ರಿ. ನಮ್ಮನೆಯವರು ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದರು. ಮೊದಲು ಹೋದ ಕಡೆ "ಬೆಳಿಗ್ಗೆ ಬನ್ನಿ" ಅಂದರು. ಎರಡನೇ ಕಡೆ ಡಾಕ್ಟರು ಕಣ್ಣುರೆಪ್ಪೆ ಎಳೆದು ನೋಡಿ, ಬೆಳಗಿನ ತನಕ ಕಾಯುವ ಹಾಗಿಲ್ಲ, ರಕ್ತ ಕೊಡಬೇಕು ಅಂದರು. ಎಲ್ಲಿಂದ ತರುವುದು? ಮನುಷ್ಯರಿಗಾದರೆ ಬ್ಲಡ್ ಬ್ಯಾಂಕು ಇದೆ. ಇಲ್ಲಿ ನಾಯಿಯನ್ನೇ ಹುಡುಕಿ ತರಬೇಕು. 25 ಕಿಲೋಗಿಂತ ಜಾಸ್ತಿ ತೂಕ ಇರಬೇಕು, ವಯಸ್ಸು 1ರಿಂದ 8ರ ಒಳಗೆ, ಲಸಿಕೆ ಎಲ್ಲ ಆಗಿರಬೇಕು, ಒಳ್ಳೆ ಆರೋಗ್ಯ ಇರಬೇಕು. ಗಂಟೆ 11:20. ಆ ಹೊತ್ತಿನಲ್ಲಿ ಒಬ್ಬರ ಮನೆಗೆ ಫೋನ್ ಮಾಡಿ ನಿಮ್ಮ ನಾಯಿಯ ರಕ್ತ ಕೊಡಿ ಅಂತ ಹೇಗೆ ಕೇಳುವುದು?

ಮೂರನೇ ರಿಂಗಿಗೆ ಎತ್ತಿದರು. ನಾನು ಏನೋ ತೊದಲಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. "ಯಾವ ಆಸ್ಪತ್ರೆ?" ಆಮೇಲೆ "ಬ್ರೂನೋ ಊಟ ಮಾಡಿಬಿಟ್ಟಿದ್ದಾನೆ, ಪರವಾಗಿಲ್ವಾ ಕೇಳಿ." ಅಷ್ಟೇ. ಇಪ್ಪತ್ತು ನಿಮಿಷದಲ್ಲಿ ಹಾಲಿನ ಕ್ರೇಟು ಸಾಗಿಸುವ ಗೂಡ್ಸ್ ಆಟೋ ಬಂತು, ಹಿಂದೆ ಟಾರ್ಪಾಲಿನ ಕೆಳಗೆ ಬ್ರೂನೋ ಯಜಮಾನನ ಹಾಗೆ ಕೂತಿದ್ದ. ಜಿಟಿಜಿಟಿ ಮಳೆ. ಬ್ರೂನೋ ಒಳಗೆ ಬಂದವನೇ ಕೋಡುವನ್ನು ಮೂಸಿದ, ಅವಳು ಕಣ್ಣು ಬಿಡಲಿಲ್ಲ, ಅವನು ಟೇಬಲ್ ಕೆಳಗೆ ಮಲಗಿಬಿಟ್ಟ.

ನಾಯಿಗಳಲ್ಲೂ ರಕ್ತದ ಗುಂಪುಗಳಿವೆಯಂತೆ. ಮೊದಲನೇ ಸಲ ಕೊಡುವಾಗ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲವಂತೆ. ಆದರೂ ಡಾಕ್ಟರು ಇಬ್ಬರದ್ದೂ ಒಂದೊಂದು ಹನಿ ಸೇರಿಸಿ ನೋಡಿದರು. ಬ್ರೂನೋ ಕುತ್ತಿಗೆಯ ಹತ್ತಿರ ಕೂದಲು ತೆಗೆದು ಸೂಜಿ ಹಾಕುವಾಗ ಅವರಪ್ಪ ಅವನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಪಾಪು, ಪಾಪು, ಅಂತ ಒಂದೇ ಸಮ ಹೇಳುತ್ತಿದ್ದರು. ಬೀದಿಯಲ್ಲಿ ಅವನನ್ನು "ಲೋ ಕತ್ತೆ" ಅಂತ ಕರೆಯುವ ಮನುಷ್ಯ.

ರಕ್ತ ಕೊಟ್ಟು ಮನೆಗೆ ಹೋಗಬಹುದಿತ್ತು. ಡಾಕ್ಟರೂ ಹೇಳಿದರು, ನಾನೂ ಹೇಳಿದೆ. 4:30ಕ್ಕೆ ಹಾಲಿನ ಗಾಡಿ ಬರುತ್ತದೆ, ಬೂತ್ ತೆಗೆಯಬೇಕು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಇವರು ಆಷಾಢದ ಶುಕ್ರವಾರಗಳಂದು ತಪ್ಪದೆ ಚಾಮುಂಡಿ ಬೆಟ್ಟ ಹತ್ತುವವರು, ಅದೂ ಮೆಟ್ಟಿಲ ಮೇಲೆ. ಅದು ನನಗೆ ಗೊತ್ತಾಗಿದ್ದು ಒಂದು ಗಂಟೆಯ ಹೊತ್ತಿಗೆ ಅವರ ಮನೆಯಿಂದ "ಹೊರಡಲ್ವಾ?" ಅಂತ ಫೋನ್ ಬಂದಾಗ. "ನೀವು ಹೋಗ್ಬನ್ನಿ, ನಂದು ಈ ಸಲ ಆಗಲ್ಲ" ಅಂದರು. ಮಗನಿಗೆ ಫೋನ್ ಮಾಡಿ ಬೂತಿನ ಬೀಗ ಎಲ್ಲಿದೆ ಹೇಳಿದರು. ಆಮೇಲೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಧೈರ್ಯ ತಗೊಳ್ಳಿ, ಎಲ್ಲ ಸರಿಹೋಗುತ್ತೆ ಅನ್ನುವ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಸುಮ್ನೆ ಕೂತರು. ಮಧ್ಯೆ ಮಧ್ಯೆ ಎದ್ದು ಹೋಗಿ ಬಾಟಲಿಯ ಹನಿ ಬೀಳುತ್ತಿದೆಯಾ ನೋಡಿ ಬರುತ್ತಿದ್ದರು.

ಎರಡೂ ಮುಕ್ಕಾಲರ ಹೊತ್ತಿಗೆ ಕೋಡುವಿಗೆ ಮೈಯೆಲ್ಲ ನಡುಕ ಶುರುವಾಯಿತು. ಡಾಕ್ಟರು ಹನಿ ನಿಧಾನ ಮಾಡಿ ಇಂಜೆಕ್ಷನ್ ಕೊಟ್ಟರು. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಆವಾಗ ನಾನು "ಸಾಕು, ಬಿಟ್ಟುಬಿಡೋಣ" ಅಂದೆ. ಜೋರಾಗಿಯೇ ಅಂದೆ. ಎರಡು ತಿಂಗಳಿಂದ ಅವಳ ಬೆನ್ನಿಗೆ ಉಣ್ಣೆಯ ಔಷಧಿ ಹಾಕಿರಲಿಲ್ಲ. ಮಳೆ ಕಳೆಯಲಿ, ನಾಳೆ ಹಾಕೋಣ, ಮುಂದಿನ ವಾರ ಹಾಕೋಣ ಅಂತ ದಿನ ತಳ್ಳಿದ್ದೆ. ಔಷಧಿ ಫ್ರಿಜ್ಜಿನ ಮೇಲೇ ಇತ್ತು. 400 ರೂಪಾಯಿಯದ್ದು, ಸೀಲೂ ಒಡೆದಿರಲಿಲ್ಲ. ಅದನ್ನೂ ಹೇಳಿ ಅತ್ತೆ. ನಾನೇ ಕೊಂದೆ ಅಂದೆ.

ಬ್ರೂನೋ ಅಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: ಬ್ರೂನೋಗಿಂತ ಮುಂಚೆ ಒಂದಿತ್ತು ಮೇಡಂ. ಮಣಿ ಅಂತ. ಅವನಿಗೂ ಹೀಗೇ ಹುಷಾರಿಲ್ಲ. ಅಡ್ಮಿಟ್ ಮಾಡಿದ್ವಿ. ರಾತ್ರಿ ಹನ್ನೆರಡಕ್ಕೆ "ನೀವು ಇಲ್ಲಿದ್ದು ಏನು ಮಾಡ್ತೀರಾ, ಮನೆಗೆ ಹೋಗಿ ಮಲಗಿ" ಅಂದ್ರು. ಹೌದಲ್ವಾ ಅನ್ನಿಸ್ತು. ಹೋಗಿ ಮಲಗಿದೆ. ನಿದ್ದೆನೂ ಬಂತು. ಬೆಳಿಗ್ಗೆ ಹೋದಾಗ ಗೋಣಿಚೀಲದಲ್ಲಿ ಕಟ್ಟಿ ಇಟ್ಟಿದ್ರು.

ಅಷ್ಟು ಹೇಳಿ ಅವರು ಎದ್ದು ಹನಿ ನೋಡಲು ಹೋದರು.

ಬಿಟ್ಟುಬಿಡೋಣ ಅಂತ ನಾನು ಮತ್ತೆ ಹೇಳಲಿಲ್ಲ. ಕೋಡುವಿನ ಪಕ್ಕ ನೆಲದ ಮೇಲೆ ಕೂತು ಅವಳ ಕಿವಿ ಹಿಡಿದುಕೊಂಡೆ. ಇನ್ನೊಂದು ಪಕ್ಕ ಬ್ರೂನೋ, ಅವನ ಪಕ್ಕ ಅವರಪ್ಪ. ಹೊರಗೆ ಬೆಟ್ಟದ ಕಡೆ ಹೋಗುವವರ ಗಾಡಿಗಳ ಸದ್ದು, ಹೆಂಗಸರ ಮಾತು, ನಗು. ನಾಲ್ಕರ ಸುಮಾರಿಗೆ ನಡುಕ ನಿಂತಿತು. ಐದಕ್ಕೆ ಅವಳು ತಲೆಯೆತ್ತಿ ಬ್ರೂನೋನನ್ನು ನೋಡಿ ಒಂದು ಸಲ ಗುರ್ ಅಂದಳು. ರಕ್ತ ಕೊಟ್ಟವನಿಗೇ ಗುರ್! ಬ್ರೂನೋ ಅಪ್ಪ ಆವಾಗ ನಕ್ಕರು ನೋಡಿ, ಕಾಂಪೌಂಡರ್ ಅಣ್ಣ ಗಾಬರಿಯಾಗಿ ಓಡಿಬಂದ. ಅಷ್ಟರಲ್ಲಿ ಅವರ ಮಗ ಸ್ಕೂಟರಿನಲ್ಲಿ ಬಂದು ಫ್ಲಾಸ್ಕಿನಲ್ಲಿ ಕಾಫಿ ತಂದ. ಅಂಥ ಕಾಫಿ ನಾನು ಜನ್ಮದಲ್ಲಿ ಕುಡಿದಿಲ್ಲ. ಸಕ್ಕರೆ ಜಾಸ್ತಿಯಾಗಿತ್ತು.

ದುಡ್ಡು ಕೊಡಲು ಹೋಗಿ ಬೈಸಿಕೊಂಡೆ. ಬ್ರೂನೋಗೆ ಅಂತ ಎರಡು ಕಿಲೋ ಚಿಕನ್ ಕೊಟ್ಟೆ, ಅದನ್ನು ಮಾತ್ರ ತಗೊಂಡರು. ಅವರ ಹೆಸರು ಈಗ ನನಗೆ ಗೊತ್ತು. ಇಲ್ಲಿ ಹಾಕಬೇಡಿ ಅಂದಿದ್ದಾರೆ.

ಆಮೇಲಿನ ದಿನಗಳು ಬೇರೆ ಥರ. ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸೀಟಿ ಹೊಡೆದರೆ ಕೋಡು ಎಲ್ಲಿದ್ದರೂ ಬಂದು ಬಾಗಿಲಲ್ಲಿ ಕೂರುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿದ್ದ ನಾಲ್ಕು ದಿನ ನಾನು ಎರಡನೇ ಸೀಟಿಗೇ ಗ್ಯಾಸ್ ಆರಿಸಿದೆ. ಬೇಳೆ ಸರಿಯಾಗಿ ಬೇಯುತ್ತಿರಲಿಲ್ಲ, ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ.

ಸೊರಬದಿಂದ ಅಮ್ಮ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಉಣ್ಣೆ ಅಂದ ತಕ್ಷಣ ಅವಳಿಗೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಅದು ಮೊದಲು ಕಾಣಿಸಿಕೊಂಡಿದ್ದು ಅವರ ತಾಲ್ಲೂಕಿನಲ್ಲೇ, ಆ ಭಯ ಅವರಿಗೆ ಹಾಲಿನ ಜೊತೆ ಬಂದದ್ದು. "ಮಗು ಪಕ್ಕ ನಾಯಿ ಮಲಗಿಸಬೇಡ" ಅಂತ ಒಂದೇ ಹಟ. ಇದು ಬೇರೆ ಕಾಯಿಲೆ ಅಮ್ಮಾ, ಅದು ಕಾಡಿನ ಉಣ್ಣೆ, ಇದು ನಾಯಿಯ ಮೇಲೆ ಮನೆಯಲ್ಲೇ ಬೆಳೆಯುವ ಕಂದು ಉಣ್ಣೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವಳ ಕಾಟಕ್ಕೇ ಮನೆ ಪೂರ್ತಿ ಹುಡುಕಿದೆವು. ಚಪ್ಪಲಿ ಸ್ಟ್ಯಾಂಡಿನ ಹಿಂದೆ ಗೋಡೆಯ ಬಿರುಕಿನಲ್ಲಿ ಇದ್ದವು ನೋಡಿ! ಒಂದೊಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ, ಅದೂ ನಾಯಿಯ ಮೇಲಲ್ಲ, ಇಂಥ ಸಂದಿಗಳಲ್ಲಿ. ನಮ್ಮನೆಯವರು ಒಂದು ಭಾನುವಾರ ಪೂರ್ತಿ ವೈಟ್ ಸಿಮೆಂಟ್ ಮೆತ್ತಿದರು. ಅಮ್ಮನಿಗೂ ಥ್ಯಾಂಕ್ಸ್, ಕಾರಣ ತಪ್ಪಾದರೂ ಫಲ ಸರಿಯಾಗಿತ್ತು.

ಇನ್ನು ಮಾತ್ರೆಯ ಕಥೆ. ನಮ್ಮನೆಯವರು ಮಂಡ್ಯದ ಕಡೆಯವರು, ಮುದ್ದೆಯೊಳಗೆ ಇಟ್ಟುಕೊಡು, ನುಂಗುತ್ತಾಳೆ ಅಂದರು. ಮುದ್ದೆ ನುಂಗಬೇಕು, ಅಗಿಯಬಾರದು ಅನ್ನುವುದನ್ನು ಕೋಡುವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀಟಾಗಿ ಅಗಿದು, ಮುದ್ದೆ ತಿಂದು, ಮಾತ್ರೆಯನ್ನು ನನ್ನ ಪಾದದ ಮೇಲೆ ಉಗಿದಳು. ಆಮೇಲೆ ಬೇಯಿಸಿದ ಮೊಟ್ಟೆ, ಆಮೇಲೆ ಸಿಹಿಗೆಣಸು. ಕೊನೆಯ ಹತ್ತು ದಿನ ಇಡ್ಲಿಯಲ್ಲಿ ಹೋಯಿತು.

ಗಣೇಶನ ಹಬ್ಬ ಕಳೆದ ಮೇಲಿನ ಶುಕ್ರವಾರ ಬೆಳಿಗ್ಗೆ ಬ್ರೂನೋ ಅಪ್ಪ ಗೇಟಿನ ಹತ್ತಿರ ನಿಂತು "ಬನ್ನಿ, ಬಾಕಿ ತೀರಿಸಿ ಬರೋಣ" ಅಂದರು. ನಾವು ಮೂವರು, ಅವರು, ಎರಡು ನಾಯಿ. ಬೆಟ್ಟದ ಬುಡದಿಂದ ಮೆಟ್ಟಿಲು ಸಾವಿರದ ಮೇಲೆ ಚಿಲ್ಲರೆ. ದೊಡ್ಡದೇವರಾಜ ಒಡೆಯರ ಕಾಲದ್ದು. ಕಾಯಿಲೆಗೆ ಮುಂಚೆ ಕೋಡು ಇದನ್ನು ಮೂರು ಸಲ ಓಡಿ ಹತ್ತಿದವಳು. ಈ ಸಲ ನೂರಕ್ಕೊಂದು ಸಲ ಕೂತಳು. ಅವಳು ಕೂತಾಗೆಲ್ಲ ಬ್ರೂನೋನೂ ಕೂತ, ಅವನಿಗೂ ಅದೇ ಬೇಕಾಗಿತ್ತು. ಮೆಟ್ಟಿಲು ಮೆಟ್ಟಿಲಿಗೂ ಯಾರೋ ಅರಿಶಿನ ಕುಂಕುಮ ಹಚ್ಚಿಕೊಂಡು ಹೋಗಿದ್ದರು, ಇಬ್ಬರ ಪಾದವೂ ಕೆಂಪಾಯಿತು. ನಂದಿಯ ತನಕ ಹೋಗಲು ಒಂದೂವರೆ ಗಂಟೆ. ಸಾಮಾನ್ಯವಾಗಿ ಅಲ್ಲಿಗೆ ಮುಕ್ಕಾಲು ಗಂಟೆ ಸಾಕು. ನಾಯಿಗಳನ್ನು ನಂದಿಯ ಹತ್ತಿರಕ್ಕೆ ಕರೆದೊಯ್ಯಲಿಲ್ಲ, ಮೆಟ್ಟಿಲ ಮೇಲೆ ಕೂರಿಸಿ ಒಬ್ಬೊಬ್ಬರೇ ಹೋಗಿ ಕೈಮುಗಿದು ಬಂದೆವು. ಮೇಲೆ ದೇವಸ್ಥಾನಕ್ಕೆ ಬ್ರೂನೋ ಅಪ್ಪ ಒಬ್ಬರೇ ಹೋದರು. ಅವರು ಬರುವ ತನಕ ಮಗಳು ತಂದಿದ್ದ ಚಿತ್ರಾನ್ನದ ಡಬ್ಬಿಯನ್ನು ಮಂಗಗಳಿಂದ ಕಾಪಾಡುವುದೇ ನಮ್ಮ ಕೆಲಸ.

ಒಂದು ವಿಷಯ ಡಾಕ್ಟರು ಹೇಳಿದ ಮೇಲೆ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಒಂದು ಸಲ ರಕ್ತ ತಗೊಂಡ ನಾಯಿ ಇನ್ನೊಂದಕ್ಕೆ ಕೊಡುವ ಹಾಗಿಲ್ಲ. ಈ ಜ್ವರ ಬಂದು ಹೋದವರೂ ಅಷ್ಟೇ. ಅಲ್ಲದೆ ಕೋಡುವಿನ ತೂಕವೂ ಸಾಲದು. ಹಾಗಾಗಿ ಅವಳ ಪರವಾಗಿ ನಾನೇ ಒಂದು ನೋಟ್‌ಬುಕ್ ಮಾಡಿದ್ದೇನೆ. ನಮ್ಮ ಸುತ್ತಮುತ್ತಲ ದೊಡ್ಡ ನಾಯಿಗಳ ಹೆಸರು, ತೂಕ, ವಯಸ್ಸು, ಅವರಪ್ಪನದ್ದೋ ಅಮ್ಮನದ್ದೋ ನಂಬರು. ಸದ್ಯಕ್ಕೆ ಏಳು ಇವೆ. ನಿಮ್ಮ ಮನೆಯಲ್ಲಿ 25 ಕಿಲೋ ದಾಟಿದ, ಲಸಿಕೆ ಆದ, ಅಪರಿಚಿತರನ್ನು ಕಚ್ಚದ ನಾಯಿ ಇದ್ದರೆ, ರಾತ್ರಿ 11:20ಕ್ಕೆ ಫೋನ್ ಎತ್ತುವವರು ನೀವಾಗಿದ್ದರೆ, ನನಗೆ ಮೆಸೇಜ್ ಮಾಡಿ.

ಮೊದಲನೇ ಸಾಲಿನಲ್ಲಿ ಬ್ರೂನೋ ಅಂತ ಬರೆದು ಅವರಪ್ಪನಿಗೆ ತೋರಿಸಿದೆ. ಬರುವ ಸಂಕ್ರಾಂತಿಗೆ ಅವನಿಗೆ ಎಂಟು ತುಂಬುತ್ತೆ ಮೇಡಂ ಅಂದರು, ನನ್ನ ಕೈಯಿಂದ ಪೆನ್ನು ತಗೊಂಡು ಹೆಸರಿನ ಮುಂದೆ "ಸಂಕ್ರಾಂತಿ ತನಕ" ಅಂತ ಸೇರಿಸಿದರು.